ಕಲಾ ಇತಿಹಾಸದ ಉನ್ನತ ವ್ಯಾಸಂಗ: ಕುವೈತ್ ಕನ್ನಡಿಗರ ಮಕ್ಕಳಿಗೆ ಇದೂ ಒಂದು ದಾರಿಯೇ?

ಕುವೈತ್: ಹನ್ನೆರಡನೇ ತರಗತಿಯ ಫಲಿತಾಂಶ ಹೊರಬೀಳುತ್ತಿದ್ದಂತೆ ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್, ಫಹಾಹೀಲ್ ಎನ್ನದೆ ನಮ್ಮವರ ಮನೆಗಳಲ್ಲೆಲ್ಲ ಪ್ರತಿವರ್ಷ ಒಂದೇ ಮಾತು. ಎಂಜಿನಿಯರಿಂಗೋ, ಮೆಡಿಕಲ್ಲೋ, ಸಿ.ಎ.ಯೋ? ಮಂಗಳೂರೋ, ಮಣಿಪಾಲವೋ, ಬೆಂಗಳೂರೋ? 2021ರಲ್ಲಿ ನೀಟ್ ಪರೀಕ್ಷೆಗೆ ಕುವೈತಿನಲ್ಲೇ ಕೇಂದ್ರ ಸಿಕ್ಕಾಗ ಇಲ್ಲಿನ ಭಾರತೀಯ ಪೋಷಕರು ಹಬ್ಬದಂತೆ ಸಂತೋಷಪಟ್ಟರು. ಅದು ಸರಿಯಾದದ್ದೇ. ಆದರೆ ಈ ಗದ್ದಲದ ನಡುವೆ ಇತ್ತೀಚೆಗೆ ಒಂದಿಬ್ಬರು ಮಕ್ಕಳು ಮೆಲ್ಲಗೆ ಬೇರೊಂದು ಮಾತು ತೆಗೆಯುತ್ತಿದ್ದಾರೆ. "ನಾನು ಕಲಾ ಇತಿಹಾಸ ಓದುತ್ತೇನೆ, ಅದರಲ್ಲೇ ಎಂ.ಎ. ಮಾಡುತ್ತೇನೆ" ಎನ್ನುತ್ತಾರೆ. ಅಪ್ಪ ಅಮ್ಮನ ಮೊದಲ ಪ್ರಶ್ನೆ, "ಅದು ಓದಿ ಹೊಟ್ಟೆಗೇನು ಮಾಡ್ತೀಯ?"

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಂಬಳದಲ್ಲಿ ಉಳಿಸಿದ ಒಂದೊಂದು ದಿನಾರನ್ನೂ ಮಕ್ಕಳ ಓದಿಗೆಂದು ಎತ್ತಿಡುವ ತಂದೆತಾಯಿಗಳು ಕೇಳುವ ನ್ಯಾಯವಾದ ಪ್ರಶ್ನೆ ಅದು. ಹಾಗೆಂದು ಉತ್ತರ ಹುಡುಕದೆಯೇ ಬಾಗಿಲು ಮುಚ್ಚುವುದೂ ಸರಿಯಲ್ಲ. ಈಗಿನ ಕಾಲಘಟ್ಟದಲ್ಲಿ ಈ ಓದಿನ ಸ್ಥಿತಿಗತಿ ಏನು, ಎಲ್ಲಿ ಓದಬಹುದು, ಖರ್ಚು ಯಾರು ಕೊಡುತ್ತಾರೆ, ಕುವೈತಿನಲ್ಲಿ ಬೆಳೆದ ಕನ್ನಡದ ಮಗುವಿಗೆ ಇದರಲ್ಲಿ ಏನಾದರೂ ವಿಶೇಷ ಅನುಕೂಲವಿದೆಯೇ ಎಂಬುದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈಗ ಯಾಕೆ ಈ ಮಾತು?

2024ರ ಡಿಸೆಂಬರ್ 21 ಮತ್ತು 22ರಂದು ಪ್ರಧಾನಿ ನರೇಂದ್ರ ಮೋದಿಯವರು ಕುವೈತಿಗೆ ಭೇಟಿ ನೀಡಿದ್ದು ನಮಗೆಲ್ಲ ನೆನಪಿದೆ. 1981ರಲ್ಲಿ ಇಂದಿರಾ ಗಾಂಧಿಯವರು ಬಂದು ಹೋದ ಮೇಲೆ 43 ವರ್ಷಗಳ ನಂತರ ಭಾರತದ ಪ್ರಧಾನಿಯೊಬ್ಬರ ಭೇಟಿ ಅದು. ರಕ್ಷಣಾ ಸಹಕಾರದ ಒಪ್ಪಂದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಜೊತೆಯಲ್ಲೇ ಸಹಿಯಾದ 2025ರಿಂದ 2029ರವರೆಗಿನ ಸಾಂಸ್ಕೃತಿಕ ವಿನಿಮಯ ಕಾರ್ಯಕ್ರಮ ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಯಿತು. ಕಲೆ, ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿಯ ವಿನಿಮಯದ ಜೊತೆಗೆ ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆ ಮತ್ತು ಸಂಸ್ಕೃತಿ ಕುರಿತ ಸಂಶೋಧನೆಯಲ್ಲೂ ಎರಡು ದೇಶಗಳು ಕೈಜೋಡಿಸಬೇಕೆಂದು ಅದರಲ್ಲಿದೆ. ಆ ಮರುವರ್ಷ, 2025ರಲ್ಲಿ, ಕುವೈತ್ ಅರಬ್ ಸಂಸ್ಕೃತಿಯ ರಾಜಧಾನಿಯೆಂಬ ಗೌರವವನ್ನೂ ಪಡೆಯಿತು.

ಸಂರಕ್ಷಣೆ, ಸಂಶೋಧನೆ ಎಂದು ಕಾಗದದಲ್ಲಿ ಬರೆಯುವುದು ಸುಲಭ. ಆ ಕೆಲಸಕ್ಕೆ ಓದಿದ ಜನ ಬೇಕು. ಕುವೈತಿನಲ್ಲಿ ಸುಮಾರು ಹತ್ತು ಲಕ್ಷ ಭಾರತೀಯರಿದ್ದೇವೆ. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ದಾದಿಯರಿದ್ದಾರೆ, ಲೆಕ್ಕಿಗರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ. ಒಂದು ಹಳೆಯ ಲೋಹದ ತಟ್ಟೆಯನ್ನು ಕೈಯಲ್ಲಿ ಹಿಡಿದು ಇದು ಬೀದರಿನದು, ಇಂಥ ಕಾಲದ್ದು ಎಂದು ಹೇಳಬಲ್ಲವರು ಎಷ್ಟು ಮಂದಿ?

ಹಿತ್ತಲ ಗಿಡ ಮದ್ದಲ್ಲ

ಕುವೈತ್ ಎಂದರೆ ಎಣ್ಣೆ, ಮರಳು, ಮಾಲ್ ಎಂದಷ್ಟೇ ತಿಳಿದವರಿಗೆ ಈ ದೇಶದ ಕಲಾಸಂಪತ್ತಿನ ಅರಿವಿರುವುದಿಲ್ಲ. ಶೇಖ್ ನಾಸರ್ ಸಬಾಹ್ ಅಲ್ ಅಹ್ಮದ್ ಅಲ್ ಸಬಾಹ್ ಮತ್ತು ಅವರ ಪತ್ನಿ ಶೇಖಾ ಹುಸ್ಸಾ ಅವರು ಕೂಡಿಸಿದ ಇಸ್ಲಾಮೀ ಕಲಾಸಂಗ್ರಹ 1983ರ ಫೆಬ್ರವರಿಯಲ್ಲಿ ಕುವೈತ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 'ದಾರ್ ಅಲ್ ಅಥರ್ ಅಲ್ ಇಸ್ಲಾಮಿಯಾ' ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಏಳೇ ವರ್ಷ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಸಂಗ್ರಹವನ್ನು ಬಾಗ್ದಾದಿಗೆ ಸಾಗಿಸಲಾಯಿತು, ಮ್ಯೂಸಿಯಂ ಕಟ್ಟಡಕ್ಕೆ ಬೆಂಕಿ ಬಿತ್ತು. ಅದೇ ಸಮಯದಲ್ಲಿ ಲೆನಿನ್‌ಗ್ರಾಡಿನ ಹರ್ಮಿಟಾಜ್ ಮ್ಯೂಸಿಯಂನ ಪ್ರದರ್ಶನಕ್ಕೆ ಹೋಗಿದ್ದ ವಸ್ತುಗಳಷ್ಟೇ ಪಾರಾದವು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಮೂಲಕ ಬಹುಪಾಲು ಮರಳಿ ಬಂತು. ಮರಳಿ ಬಾರದೆ ಹೋದದ್ದರಲ್ಲಿ ಮೊಗಲರ ಕಾಲದ ಪಚ್ಚೆಗಳೂ ಸೇರಿವೆ.

ಈ ಘಟನೆಯಲ್ಲಿ ನಮ್ಮ ಚರ್ಚೆಗೆ ಬೇಕಾದ ಪಾಠವಿದೆ. ಕಳುವಾದ ಕಲಾವಸ್ತುವನ್ನು "ಇದು ನಮ್ಮದು" ಎಂದು ಕೇಳಿ ಪಡೆಯಬೇಕಾದರೆ ಅದರ ಚಿತ್ರ, ಅಳತೆ, ವಿವರ, ಎಲ್ಲಿಂದ ಬಂತೆಂಬ ಚರಿತ್ರೆ ಎಲ್ಲವೂ ಮೊದಲೇ ಬರೆದಿಟ್ಟಿರಬೇಕು. ಬರೆದಿಡುವವನೇ ಕಲಾ ಇತಿಹಾಸಕಾರ. ಕರ್ನಾಟಕದ ಎಷ್ಟೋ ಹಳ್ಳಿಯ ಗುಡಿಗಳ ವಿಗ್ರಹಗಳಿಗೆ ಒಂದು ಸರಿಯಾದ ಛಾಯಾಚಿತ್ರವೂ ಇಲ್ಲ. ಕಳುವಾದ ಮೇಲೆ ಪೊಲೀಸರಿಗೆ ಕೊಡಲು ಊರವರ ಬಳಿ ಇರುವುದು ನೆನಪು ಮಾತ್ರ.

ದಾರ್ ಅಲ್ ಅಥರ್ ಸಂಗ್ರಹದಲ್ಲಿ ಭಾರತಕ್ಕೆ ದೊಡ್ಡ ಪಾಲಿದೆ. ಮೊಗಲರ ಕಾಲದ ಆಭರಣಗಳನ್ನು 2001ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದಾಗ ಜಗತ್ತೇ ಬೆರಗಾಗಿ ನೋಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2015ರಲ್ಲಿ ದಖ್ಖನ್ ಸುಲ್ತಾನರ ಕಾಲದ ಕಲೆಯ ಮಹಾ ಪ್ರದರ್ಶನ ನಡೆಸಿತು. ಅದಕ್ಕೆ ವಸ್ತುಗಳನ್ನು ಕಳಿಸಿಕೊಟ್ಟ ಸಂಗ್ರಹಗಳಲ್ಲಿ ಕುವೈತಿನ ಈ ಸಂಗ್ರಹವೂ ಒಂದು. ದಖ್ಖನ್ ಸುಲ್ತಾನರೆಂದರೆ ಯಾರು? ನಮ್ಮ ವಿಜಯಪುರದ ಆದಿಲಶಾಹಿಗಳು, ನಮ್ಮ ಬೀದರಿನ ಬರೀದಶಾಹಿಗಳು ಆ ಸಾಲಿನವರೇ. ನಾವು ಹುಟ್ಟಿದ ನಾಡಿನ ಕಲೆಯನ್ನು ನಾವು ದುಡಿಯುವ ನಾಡು ಜತನದಿಂದ ಕಾಯುತ್ತಿದೆ. ನಾವೋ ಅದರ ಪಕ್ಕದ ರಸ್ತೆಯಲ್ಲೇ ಕಾರು ಓಡಿಸಿಕೊಂಡು ಹೋಗುತ್ತಿದ್ದೇವೆ.

ಇಷ್ಟೇ ಅಲ್ಲ. ಜಾಬ್ರಿಯಾದ ತಾರಿಕ್ ರಜಬ್ ಮ್ಯೂಸಿಯಂ 1980ರಲ್ಲಿ ತೆರೆಯಿತು. 1990ರಲ್ಲಿ ಅದರ ಬಾಗಿಲಿಗೆ ಗೋಡೆ ಕಟ್ಟಿ ಮುಚ್ಚಿದ್ದರಿಂದ ಅದು ಸೈನಿಕರ ಕಣ್ಣಿಗೆ ಬೀಳದೆ ಉಳಿಯಿತು. ಫೈಲಕಾ ದ್ವೀಪದಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರು 1958ರಲ್ಲಿ ಆರಂಭಿಸಿದ ಉತ್ಖನನದಿಂದ ನಾಲ್ಕು ಸಾವಿರ ವರ್ಷ ಹಳೆಯ ದಿಲ್ಮುನ್ ನಾಗರಿಕತೆಯ ಮುದ್ರೆಗಳು ಬೆಳಕಿಗೆ ಬಂದವು. ಬದೂಯಿ ಹೆಂಗಸರ ಸದು ನೇಯ್ಗೆ 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹಳೆಯ ಅಮೆರಿಕನ್ ಮಿಷನ್ ಆಸ್ಪತ್ರೆಯ ಕಟ್ಟಡ 2011ರಲ್ಲಿ ಅಮ್ರಿಕಾನಿ ಸಾಂಸ್ಕೃತಿಕ ಕೇಂದ್ರವಾಯಿತು. ಕಲಾ ಇತಿಹಾಸ ಓದಬಯಸುವ ಮಗುವಿಗೆ ಇವೆಲ್ಲ ಶುಕ್ರವಾರ, ಶನಿವಾರದ ಪಾಠಶಾಲೆಗಳೇ.

ನಮ್ಮ ಗುಡಿ, ಬೇರೆಯವರ ಪುಸ್ತಕ

ಇನ್ನು ತಾಯ್ನಾಡಿನ ಮಾತು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ನಾವು ಫೋಟೋ ಹಂಚಿಕೊಂಡು ಹೆಮ್ಮೆಪಟ್ಟೆವು. ಆದರೆ ಈ ಗುಡಿಗಳ ಬಗ್ಗೆ ಜಗತ್ತು ಓದುವ ಪುಸ್ತಕಗಳನ್ನು ಬರೆದವರು ಯಾರು? ಕರ್ನಾಟ ದ್ರಾವಿಡ ಶೈಲಿಯ ದೇವಾಲಯಗಳು ಹೇಗೆ ಬೆಳೆದವು ಎಂದು 1995ರ ಗ್ರಂಥದಲ್ಲಿ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಆಡಮ್ ಹಾರ್ಡಿ. ಹಂಪಿಯಲ್ಲಿ 1980ರ ದಶಕದಿಂದ ವರ್ಷ ವರ್ಷವೂ ಬಂದು ಕಲ್ಲುಕಲ್ಲನ್ನೂ ಅಳೆದವರಲ್ಲಿ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಪ್ರಮುಖರು. ಐಹೊಳೆಯ ದುರ್ಗ ಗುಡಿಯ ಬಗ್ಗೆ ಒಂದು ಪೂರ್ಣ ಪುಸ್ತಕ ಬರೆದವರು ಅಮೆರಿಕದ ಗ್ಯಾರಿ ಟಾರ್ಟಕೊವ್. ಇವರ ಶ್ರಮಕ್ಕೆ ನಾವು ಋಣಿಗಳೇ. ಪ್ರಶ್ನೆ ಇಷ್ಟೇ: ನಮ್ಮವರು ಎಲ್ಲಿ?

ನಮ್ಮವರೂ ಇದ್ದರು. ಬಳ್ಳಾರಿ ಸೀಮೆಯ ಹಂಪಸಾಗರದಲ್ಲಿ 1935ರಲ್ಲಿ ಹುಟ್ಟಿದ ಡಾ. ಷ. ಶೆಟ್ಟರ್ ಅವರು ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಮರಳಿದರು. ಅಲ್ಲಿ ಭಾರತೀಯ ಕಲಾ ಇತಿಹಾಸ ಸಂಸ್ಥೆಯನ್ನು ನಡೆಸಿದರು. ಹೊಯ್ಸಳ ದೇವಾಲಯಗಳ ಕುರಿತ ಅವರ ಎರಡು ಸಂಪುಟಗಳ ಕೃತಿ 1992ರಲ್ಲಿ ಆ ಸಂಸ್ಥೆಯ ಹೆಸರಿನಲ್ಲೇ ಬಂತು. ಶಾಸನವನ್ನೂ ಶಿಲ್ಪವನ್ನೂ ಒಂದೇ ಕಣ್ಣಿನಲ್ಲಿ ಓದಬಲ್ಲ ವಿದ್ವಾಂಸರಾಗಿದ್ದ ಅವರು 2020ರ ಫೆಬ್ರವರಿ 28ರಂದು ತೀರಿಕೊಂಡರು. ಅವರ ಕುರ್ಚಿಯಲ್ಲಿ ಕೂರುವವರು ಎಲ್ಲಿಂದ ಬರಬೇಕು?

ಇಲ್ಲೇ ಕನ್ನಡ ಭಾಷೆಯ ಬೆಲೆ ತಿಳಿಯುವುದು. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿದ್ದಾರೆ. ಭಾರತದ ಬಹಳಷ್ಟು ಪ್ರಾಚೀನ ಶಿಲ್ಪಕ್ಕೆ ಕರ್ತೃವಿನ ಹೆಸರೇ ಇಲ್ಲ. ಹೊಯ್ಸಳ ಶಿಲ್ಪಿಗಳು ಮಾತ್ರ ಹೆಸರು ಬರೆದರು, ಊರು ಬರೆದರು, ಬಿರುದು ಬರೆದರು. ಹಳಗನ್ನಡ ಓದಬಲ್ಲವರಿಗೆ ತೆರೆದುಕೊಳ್ಳುವ ಈ ಬಾಗಿಲು ಬೇರೆಯವರಿಗೆ ಅನುವಾದದ ಕಿಂಡಿಯಷ್ಟೇ.

ಕುವೈತಿನ ಮಗುವಿಗೆ ಇರುವ ಎರಡನೇ ಬಲ

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ, ಅದನ್ನು ನಾವು ಗಮನಿಸಿಲ್ಲ. ಅಂಗಡಿಯ ಫಲಕದಲ್ಲಿ, ಬಸ್ಸಿನ ಮೇಲೆ, ಹಾಲಿನ ಡಬ್ಬಿಯ ಮೇಲೆ ಅರಬ್ಬಿ ಅಕ್ಷರ ನೋಡುತ್ತಲೇ ಅವರು ಬೆಳೆಯುತ್ತಾರೆ. ಹಲವರು ಕಾಗುಣಿತ ಕೂಡಿಸಿ ಓದುತ್ತಾರೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳ ತುಂಬ ಅರಬ್ಬಿ, ಪಾರಸಿ ಬರಹಗಳ ಕೆತ್ತನೆಯಿದೆ. ಆದಿಲಶಾಹಿ ದರಬಾರಿನ ಕಾಗದಪತ್ರಗಳಲ್ಲಿ ಹೆಚ್ಚಿನವು ಪಾರಸಿಯಲ್ಲಿವೆ, ಲಿಪಿ ಅದೇ ಅರಬ್ಬಿಯದು. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹ ಸಂಗೀತಪ್ರಿಯ, ಚಿತ್ರಕಲೆಯ ಪೋಷಕ, ಸ್ವತಃ ಕವಿ. 1656ರ ಸುಮಾರಿಗೆ ಮುಗಿದ ಗೋಲಗುಂಬಜದ ಹೊರತು ಆ ಕಾಲದ ಕಲೆಯ ಬಗ್ಗೆ ಕನ್ನಡದಲ್ಲಿ ಸಾಮಾನ್ಯ ಓದುಗನಿಗೆ ಸಿಗುವುದು ಬಹಳ ಕಡಿಮೆ.

ಕನ್ನಡವನ್ನೂ ಅರಬ್ಬಿ ಲಿಪಿಯನ್ನೂ ಬಲ್ಲ, ವಿಜಯಪುರಕ್ಕೆ ಹೋಗಿ ಊರವರೊಡನೆ ಮಾತನಾಡಬಲ್ಲ, ಕುವೈತಿನ ಸಂಗ್ರಹಾಲಯಕ್ಕೆ ಬಂದು ವಸ್ತುವನ್ನು ಕಣ್ಣಾರೆ ನೋಡಬಲ್ಲ ವಿದ್ಯಾರ್ಥಿ ಜಗತ್ತಿನ ಯಾವ ವಿಶ್ವವಿದ್ಯಾಲಯಕ್ಕೂ ಬೇಕಾದವನು. ಈ ಬಲ ಬೆಂಗಳೂರಿನ ಮಗುವಿಗಿಲ್ಲ, ಲಂಡನ್ನಿನ ಮಗುವಿಗೂ ಇಲ್ಲ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡ ಓದಬಲ್ಲರು ಎಂಬ ಪ್ರಶ್ನೆ ಬಂದಾಗ ನಾವು ತಲೆ ತಗ್ಗಿಸಬೇಕಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಆಡುತ್ತಾರೆ. ಓದುಬರಹ ಮಾತ್ರ ಇಂಗ್ಲಿಷಿನಲ್ಲಿ.

ಎಲ್ಲಿ ಓದಬಹುದು?

ಕರ್ನಾಟಕದಲ್ಲೇ ದಾರಿಗಳಿವೆ. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಮತ್ತು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರ, ಶಿಲ್ಪದ ಜೊತೆಗೆ ಕಲಾ ಇತಿಹಾಸದ ಪಾಠವೂ ಇದೆ. ಶಾಸನ, ಪುರಾತತ್ವದ ಕಡೆಯಿಂದ ಬರುವವರಿಗೆ ಧಾರವಾಡ, ಮೈಸೂರು, 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ ಇವೆ.

ರಾಜ್ಯದ ಹೊರಗೆ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಿಂದ ಹೆಸರುವಾಸಿ. ಶಾಂತಿನಿಕೇತನದ ಕಲಾಭವನ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ದೆಹಲಿಯ ಜೆ.ಎನ್.ಯು.ವಿನ ಕಲೆ ಮತ್ತು ಸೌಂದರ್ಯಶಾಸ್ತ್ರ ಶಾಲೆ ಉಳಿದ ಮುಖ್ಯ ಕೇಂದ್ರಗಳು. 1989ರಲ್ಲಿ ದೆಹಲಿಯಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಆಗಿ ಆರಂಭವಾಗಿ ಈಗ ನೋಯ್ಡಾದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಕಲಾ ಇತಿಹಾಸ, ಸಂರಕ್ಷಣೆ, ಸಂಗ್ರಹಾಲಯ ಶಾಸ್ತ್ರ ಮೂರನ್ನೂ ಕಲಿಸುತ್ತಾರೆ.

ಕೊಲ್ಲಿಯಲ್ಲಿ ಪರಿಸ್ಥಿತಿ ಬದಲಾಗುತ್ತಿದೆ. ಅಬುಧಾಬಿಯಲ್ಲಿ 2017ರಲ್ಲಿ ಲೂವ್ರ್ ಮ್ಯೂಸಿಯಂ ತೆರೆಯಿತು. ಅಲ್ಲಿನ ಸೊರ್ಬೊನ್ ವಿಶ್ವವಿದ್ಯಾಲಯ ಕಲಾ ಇತಿಹಾಸ ಮತ್ತು ಸಂಗ್ರಹಾಲಯ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತದೆ. ಕತಾರಿನಲ್ಲಿ ಇಂಥದೇ ಪದವಿ ಕೊಡುತ್ತಿದ್ದ ಲಂಡನ್ ಯೂನಿವರ್ಸಿಟಿ ಕಾಲೇಜಿನ ಶಾಖೆ 2020ರಲ್ಲಿ ಮುಚ್ಚಿತು. ಆದ್ದರಿಂದ ಹೆಸರು ನೋಡಿ ಹಿಗ್ಗದೆ ಕೋರ್ಸು ಎಷ್ಟು ವರ್ಷ ನಡೆಯುವ ಭರವಸೆಯಿದೆ ಎಂದು ವಿಚಾರಿಸಬೇಕು.

ಖರ್ಚಿನ ಲೆಕ್ಕ

ಭಾರತದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಓದಿನ ಶುಲ್ಕ ಎಂಜಿನಿಯರಿಂಗ್ ಕಾಲೇಜಿನ ಶುಲ್ಕದ ಹತ್ತಿರವೂ ಬರುವುದಿಲ್ಲ. ಅನಿವಾಸಿ ವಿಭಾಗದಲ್ಲಿ ಸೇರಿಸಿದರೆ ಮಾತ್ರ ಶುಲ್ಕ ಬೇರೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು. ಎಂ.ಎ. ಆದ ಮೇಲೆ ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ದೃಶ್ಯಕಲೆ ಒಂದು ವಿಷಯ. ಅದರಲ್ಲಿ ಕಿರಿಯ ಸಂಶೋಧಕ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ನಿಗದಿಯಾಗಿದೆ, ಮನೆಬಾಡಿಗೆ ಭತ್ಯೆ ಬೇರೆ. ನಮ್ಮ ಲೆಕ್ಕದಲ್ಲಿ 37,000 ಎಂದರೆ 130 ದಿನಾರಿನ ಆಸುಪಾಸು. ದೊಡ್ಡ ಮೊತ್ತವಲ್ಲ, ಆದರೆ ಅಪ್ಪನ ಜೇಬಿಗೆ ಕೈಹಾಕದೆ ಪಿಎಚ್.ಡಿ. ಮುಗಿಸಬಹುದು.

ವಿದೇಶಕ್ಕೆ ಹೋಗುವುದಾದರೆ ಎಚ್ಚರ ಹೆಚ್ಚು ಬೇಕು. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಪೂರ್ಣ ಖರ್ಚು ಕೊಡುತ್ತವೆ ನಿಜ. ಆದರೆ ದಕ್ಷಿಣ ಏಷ್ಯಾ ಅಧ್ಯಯನಕ್ಕೆ ಹೆಸರಾದ ಚಿಕಾಗೋ ವಿಶ್ವವಿದ್ಯಾಲಯವೇ 2025ರಲ್ಲಿ ಮಾನವಿಕ ವಿಷಯಗಳ ಪಿಎಚ್.ಡಿ. ಪ್ರವೇಶವನ್ನು ಕೆಲವೆಡೆ ನಿಲ್ಲಿಸಿತು, ಕೆಲವೆಡೆ ಕಡಿತ ಮಾಡಿತು. ಬ್ರಿಟನ್ನಿನಲ್ಲಿ ಎಂ.ಎ. ಒಂದೇ ವರ್ಷ, ಅದೇ ಅನುಕೂಲ. ಆದರೆ ಖರ್ಚು ಭಾರಿ, ಓದಿದ ಮೇಲೆ ಕೆಲಸ ಹುಡುಕಲು ಕೊಡುವ ವೀಸಾದ ಅವಧಿಯನ್ನೂ ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಲು ನಿರ್ಧಾರವಾಗಿದೆ. ಸಾಲ ಮಾಡಿ ಬ್ರಿಟನ್ನಿನಲ್ಲಿ ಕಲಾ ಇತಿಹಾಸದ ಎಂ.ಎ. ಮಾಡಿಸುವುದನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ.

ವಿದ್ಯಾರ್ಥಿವೇತನದ ವಿಷಯದಲ್ಲಿ ಗಲ್ಫ್ ಮಕ್ಕಳಿಗೆ ಒಂದು ಕಾಣದ ಗುಂಡಿ ಇದೆ. ಫುಲ್‌ಬ್ರೈಟ್ ನೆಹರು, ಇನ್‌ಲ್ಯಾಕ್ಸ್, ಚಾರ್ಲ್ಸ್ ವಾಲೆಸ್ ಮುಂತಾದ ಹೆಸರಾಂತ ವೇತನಗಳಿಗೆ ಭಾರತದ ಪಾಸ್‌ಪೋರ್ಟ್ ಇದ್ದರಷ್ಟೇ ಸಾಲದು, ಅರ್ಜಿ ಹಾಕುವವರು ಭಾರತದಲ್ಲಿ ವಾಸವಾಗಿರಬೇಕು. ಕುವೈತಿನ ವಿಳಾಸ ಕೊಟ್ಟು ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಪದವಿಯನ್ನು ಊರಿನಲ್ಲಿ ಮಾಡಿ, ಅಲ್ಲೇ ನೆಲೆಸಿ, ಒಂದೆರಡು ವರ್ಷ ಮ್ಯೂಸಿಯಂನಲ್ಲಿ ಕೆಲಸ ಮಾಡಿದವರಿಗೆ ಈ ಬಾಗಿಲು ತೆರೆದಿರುತ್ತದೆ. ಊರಿಗೆ ಹೋಗುವಾಗ ಇಲ್ಲಿನ ಇಕಾಮಾ ಏನಾಗುತ್ತದೆ ಎಂಬುದನ್ನೂ ವಿಚಾರಿಸಿಕೊಂಡೇ ಹೊರಡಬೇಕು.

ಇನ್ನೊಂದು ವಿಚಿತ್ರ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆಂದು ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ನಿಯಮಾವಳಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ವಿಷಯಗಳನ್ನು ಹೊರಗಿಡಲಾಯಿತು. ಅಂದರೆ ಕಲ್ಲು ಕೆತ್ತುವ ಮನೆತನದ ಹುಡುಗಿಯೊಬ್ಬಳು ಈ ಹಣದಲ್ಲಿ ಲಂಡನ್ನಿಗೆ ಹೋಗಿ ಹೊಯ್ಸಳ ಶಿಲ್ಪದ ಬಗ್ಗೆ ಸಂಶೋಧನೆ ಮಾಡುವಂತಿಲ್ಲ. ದೇಶದ ವಿಷಯವನ್ನು ದೇಶದಲ್ಲೇ ಓದಲಿ ಎಂಬುದು ಇದರ ಹಿಂದಿನ ವಾದ. ಆ ವಾದ ನಿಲ್ಲಬೇಕಾದರೆ ದೇಶದೊಳಗೆ ಅಷ್ಟೇ ಒಳ್ಳೆಯ ಗ್ರಂಥಾಲಯ, ಅಷ್ಟೇ ಒಳ್ಳೆಯ ಮಾರ್ಗದರ್ಶನ ಸಿಗಬೇಕು. ಹೊಯ್ಸಳರ ಬಗ್ಗೆ ಅಧಿಕಾರವಾಣಿಯಿಂದ ಬರೆದ ಶೆಟ್ಟರ್ ಅವರೇ ಕೇಂಬ್ರಿಜ್‌ಗೆ ಹೋಗಿ ಬಂದವರು ಎಂಬುದನ್ನು ಮರೆಯಬಾರದು.

ಪದವಿಯ ವರ್ಷಗಳ ಗೊಂದಲವೂ ಇದೆ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಹನ್ನೆರಡು ವರ್ಷದ ಶಾಲೆಯ ಮೇಲೆ ನಾಲ್ಕು ವರ್ಷದ ಪದವಿ ಕೇಳುವ ವಿದೇಶಿ ವಿಶ್ವವಿದ್ಯಾಲಯಗಳಿಗೆ ಹೋಗಬೇಕಾದರೆ ಊರಿನಲ್ಲೇ ಎಂ.ಎ. ಮುಗಿಸಿ ಹೊರಡುವುದು ಕ್ಷೇಮ.

ಕೆಲಸ ಸಿಗುತ್ತದೆಯೇ?

ಮುಚ್ಚುಮರೆ ಬೇಡ. ಕೆಲಸಗಳು ಕಡಿಮೆ, ಕಾಯಬೇಕಾದ ವರ್ಷಗಳು ಹೆಚ್ಚು. ಎಂ.ಎಫ್. ಹುಸೇನರ ಒಂದು ಚಿತ್ರ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು ಎಂದು ಕೇಳಿ ಯಾರೂ ಮರುಳಾಗಬಾರದು. ಆ ಹಣ ಕಲಾ ಇತಿಹಾಸಕಾರನ ಸಂಬಳವಲ್ಲ. ಆದರೆ ಮಾರುಕಟ್ಟೆ ಬೆಳೆದಂತೆ ಚಿತ್ರ ಅಸಲಿಯೋ ನಕಲಿಯೋ, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಪತ್ತೆ ಮಾಡುವವರ ಅಗತ್ಯವೂ ಬೆಳೆಯುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ, 2023ರ ಫೆಬ್ರವರಿಯಲ್ಲಿ ಕಲೆ ಮತ್ತು ಛಾಯಾಗ್ರಹಣದ ಹೊಸ ಮ್ಯೂಸಿಯಂ 'ಮ್ಯಾಪ್' ತೆರೆದವು. ಕಾಲೇಜು ಅಧ್ಯಾಪನ, ಪುರಾತತ್ವ ಇಲಾಖೆ, ಸಂರಕ್ಷಣಾ ಪ್ರಯೋಗಾಲಯ, ಹರಾಜು ಸಂಸ್ಥೆ, ಪ್ರಕಾಶನ, ಪ್ರವಾಸೋದ್ಯಮ ಇವು ಉಳಿದ ದಾರಿಗಳು. ದುಡ್ಡೇ ದೊಡ್ಡಪ್ಪ ಎನ್ನುವ ಮನೆಗೆ ಇದು ಹೇಳಿ ಮಾಡಿಸಿದ ಓದಲ್ಲ. ಹತ್ತು ವರ್ಷ ತಾಳ್ಮೆಯಿಂದ ದುಡಿಯಲು ಸಿದ್ಧವಿರುವ ಮಗುವಿಗೆ ಮರ್ಯಾದೆಯ ಬದುಕು ಕೊಡಬಲ್ಲ ಓದು.

ನಾವು ಏನು ಮಾಡಬಹುದು?

ಮೊದಲನೆಯದು, ನಮ್ಮ ಕೂಟಗಳು ನಡೆಸುವ ಕನ್ನಡ ತರಗತಿಗಳು ರಾಜ್ಯೋತ್ಸವದ ಹಾಡಿಗಷ್ಟೇ ಸೀಮಿತವಾಗದೆ ಮಕ್ಕಳಿಗೆ ಓದಲು, ಬರೆಯಲು ಕಲಿಸಬೇಕು. ಎರಡನೆಯದು, ವರ್ಷಕ್ಕೆರಡು ಬಾರಿಯಾದರೂ ಮಕ್ಕಳನ್ನು ಇಲ್ಲಿನ ಸಂಗ್ರಹಾಲಯಗಳಿಗೆ ಕರೆದೊಯ್ದು ದಖ್ಖನಿನ ವಸ್ತುಗಳನ್ನು ಕನ್ನಡದಲ್ಲೇ ಪರಿಚಯಿಸಬೇಕು. ದಾರ್ ಅಲ್ ಅಥರ್ ಸಂಸ್ಥೆ ಯರ್ಮೂಕ್ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಸುತ್ತ ಬಂದಿರುವ ಉಪನ್ಯಾಸಗಳಿಗೆ ನಮ್ಮವರೂ ಹೋಗಿ ಕೂರಬೇಕು. ಮೂರನೆಯದು, ನಾವು ಕೊಡುವ ಪ್ರತಿಭಾ ಪುರಸ್ಕಾರದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಇತಿಹಾಸ, ಕಲೆ ಆರಿಸಿಕೊಂಡ ಮಗುವಿಗೂ ಒಂದು ಜಾಗ ಇರಲಿ. ನಾಲ್ಕನೆಯದು, ಸಾಂಸ್ಕೃತಿಕ ವಿನಿಮಯ ಕಾರ್ಯಕ್ರಮದಡಿ ಕುವೈತಿನ ಸಂಗ್ರಹಗಳಲ್ಲಿರುವ ಭಾರತೀಯ ವಸ್ತುಗಳ ಅಧ್ಯಯನಕ್ಕೆ ಭಾರತದ ವಿದ್ಯಾರ್ಥಿಗಳಿಗೆ ಅವಕಾಶ ಮಾಡಿಕೊಡಿ ಎಂದು ಎಲ್ಲ ಭಾರತೀಯ ಸಂಘಟನೆಗಳು ಸೇರಿ ರಾಯಭಾರ ಕಚೇರಿಗೆ ಮನವಿ ಸಲ್ಲಿಸಬಹುದು. ಕಾರ್ಯಕ್ರಮದ ಅವಧಿ 2029ಕ್ಕೆ ಮುಗಿಯುತ್ತದೆ, ಕೇಳುವುದಾದರೆ ಈಗಲೇ ಕೇಳಬೇಕು.

ನಮ್ಮ ಮಕ್ಕಳೆಲ್ಲ ಕಲಾ ಇತಿಹಾಸಕಾರರಾಗಬೇಕು ಎಂದು ನಾವು ಹೇಳುತ್ತಿಲ್ಲ. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತು ಮಂದಿ ತಮಗೆ ಬೇಕಾದ್ದನ್ನು ಓದಲಿ. ಉಳಿದ ಒಂದು ಮಗು ಈ ಮಾತು ತೆಗೆದಾಗ "ಹೊಟ್ಟೆಗೇನು ಮಾಡ್ತೀಯ?" ಎಂದು ಕೇಳಿದ ಮೇಲೆ, ಅದರ ಉತ್ತರವನ್ನು ಕೂತು ಕೇಳುವ ತಾಳ್ಮೆ ನಮ್ಮಲ್ಲಿರಲಿ. ದಾಸೋಜನ ಹೆಸರನ್ನು ಕಲ್ಲಿನ ಮೇಲೆ ಓದಬಲ್ಲ ಮಗು ನಮ್ಮ ಮನೆಯದೇ ಆಗಿರಬಹುದು.